ಕೃಷ್ಣವೇಣಿ ಬರೆದ ಎಂಟು ವಾಕ್ಯಗಳು

ಗಂಡ ತೀರಿಕೊಂಡ ಮೇಲೆ ಕೃಷ್ಣವೇಣಿಗೆ ಬಂಗಾಳದ ಅಲಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅನುಕಂಪದ ಆಧಾರದ ಮೇಲೆ ನೌಕರಿ ಸಿಕ್ಕಿತು. ಹನ್ನೊಂದು ವರ್ಷ ದಾಖಲೆ ಕೋಣೆಯ ಧೂಳು ಕುಡಿದರೂ ‘ಅನುಕಂಪ’ ಎಂಬ ಮಾತು ಆಕೆಯ ಬೆನ್ನು ಬಿಡಲಿಲ್ಲ. ದುಡಿಯುವವಳು ಇವಳು, ದೊಡ್ಡತನ ಮಾತ್ರ ಕಚೇರಿಯದು.

ಧಾರವಾಡದ ಈ ಹೆಣ್ಣುಮಗಳಿಗೆ ಬಂಗಾಳಿ ಭಾಷೆ ಮೀನಿನ ಅಂಗಡಿಗಳ ಪಕ್ಕದ ತರಕಾರಿ ಸಾಲಿನಲ್ಲಿ ಬಂತು, ಹಿಂದಿ ಕಚೇರಿಯಲ್ಲಿ ಬಂತು. ಇಂಗ್ಲಿಷ್ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಮೈತ್ರಿ ಈ ವರ್ಷ ಪಾಠ ಶುರು ಮಾಡಿದಳು.

“ಅವ್ವಾ, ಫಸ್ಟ್ ಸಿಂಪಲ್ ಪಾಸ್ಟ್. ನಿನ್ನೆ ಏನ್ ಮಾಡಿದಿ, ಡೈಲಿ ಟೆನ್ ಸೆಂಟೆನ್ಸ್ ಬರಿ.”

ಲೇಕ್ ಗಾರ್ಡನ್ಸ್‌ನ ಮನೆಯಲ್ಲಿ ಅನ್ನ ಬೇಯುವಷ್ಟು ಹೊತ್ತು ಆಕೆ ಬರೆಯುತ್ತಿದ್ದಳು. ಐ ವೆಂಟ್, ಐ ಕುಕ್ಡ್, ಐ ವಾಶ್ಡ್. ವಾರ ಕಳೆಯುವಷ್ಟರಲ್ಲಿ ಹತ್ತು ವಾಕ್ಯ ಸಾಲದಾಯಿತು. ಒಂದೇ ದಿನದಲ್ಲಿ ತಾನು ಇಷ್ಟೆಲ್ಲ ಮಾಡುತ್ತೇನೆಯೇ ಎಂದು ಆಕೆಗೆ ಆಶ್ಚರ್ಯವಾಯಿತು, ಹಿಂದೆಯೇ ಸಿಟ್ಟೂ ಬಂತು.

ಆ ದಿನಗಳಲ್ಲೇ ನಿವೃತ್ತ ಚಾಲಕನೊಬ್ಬನ ಕಡತ ಕಾಣೆಯಾಯಿತು. ಒಯ್ದವನು ಅಧಿಕಾರಿ ದೇವೇಂದ್ರ. ಕೃಷ್ಣವೇಣಿ ರಿಜಿಸ್ಟರಿನಲ್ಲಿ ಸಹಿ ಕೇಳಿದಾಗ ನಕ್ಕು ಹೋದವನು, ಈಗ ಕಡತವನ್ನು ಕಂಡೇ ಇಲ್ಲ ಎಂದ. ಸಹಿಯಿಲ್ಲದ ಸಾಲನ್ನು ಯಾರು ನಂಬುತ್ತಾರೆ? ಮೂರು ದಿನದೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಅಮಾನತು ಎಂದು ಮೆಮೊ ಬಂದದ್ದು ಕೃಷ್ಣವೇಣಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ.

ಪಕ್ಕದ ಮೇಜಿನ ಶೋಭನಾ ಪಾಪ, ಒಳ್ಳೆಯ ಮನಸ್ಸಿನಿಂದಲೇ ಕ್ಷಮಾಪಣೆ ಪತ್ರ ಟೈಪು ಮಾಡಿ ತಂದಳು. “ಸಹಿ ಮಾಡಿಬಿಡಿ ದೀದಿ. ಬೈದು ಬಿಟ್ಟುಬಿಡುತ್ತಾರೆ.”

“ಕಳೆದವಳು ನಾನು ಅಂತ ಒಪ್ಪಿದ ಹಾಗಾಗುತ್ತದೆ. ಬೇಡ.”

ಮನೆಯಲ್ಲಿ ಮೈತ್ರಿ ಪೆನ್ನು ಹಿಡಿದು ಕೂತಳು. “ನಾ ಬರೀಲಾ ಅವ್ವಾ? ಪ್ರಾಪರ್ ಆಫೀಸ್ ಇಂಗ್ಲಿಷ್‌ನಾಗ?”

“ನೀ ಅಲ್ಲಿ ಇದ್ದಿದ್ದಿಲ್ಲ. ಇದ್ದಾಕಿ ನಾನು.”

ಆಕೆ ತಾನು ಕಲಿತ ಇಂಗ್ಲಿಷಿನಲ್ಲಿ ಬರೆದದ್ದು ಎಂಟೇ ವಾಕ್ಯ. ದೇವೇಂದ್ರ ಸಾಹೇಬರು ನಾಲ್ಕು ಗಂಟೆಗೆ ಬಂದರು. ಕಡತ ಒಯ್ದರು. ನಾನು ಸಹಿ ಕೇಳಿದೆ. ಅವರು ನಕ್ಕರು. ಸಹಿ ಮಾಡಲಿಲ್ಲ. ನಾನು ಸಹಿಯಿಲ್ಲದೆ ಕೊಟ್ಟೆ. ಅದು ನನ್ನ ತಪ್ಪಾಗಿತ್ತು. ಕಡತ ನಾನು ಕಳೆಯಲಿಲ್ಲ.

ಮರುದಿನ ದೇವೇಂದ್ರ ಕರೆಸಿಕೊಂಡ. “ಹೀಗೆಲ್ಲ ಬರೆಯುತ್ತಾರೆಯೇ? ‘ಕಡತ ಸಿಗುತ್ತಿಲ್ಲ, ವಿಷಾದಿಸುತ್ತೇನೆ’ ಎಂದು ತಿದ್ದಿಕೊಡಿ. ಅನುಕಂಪದ ನೌಕರಿ, ನೆನಪಿರಲಿ.”

ಆಕೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. “ಹನ್ನೊಂದು ವರ್ಷ ದುಡಿದೆ ಸರ್. ಆದದ್ದನ್ನು ಬರೆದೆ. ಒಂದು ಪ್ರತಿ ಮೇಲಿನ ಸಾಹೇಬರಿಗೂ ಕೊಟ್ಟೆ.”

ಮೂರನೆಯ ದಿನ ಜವಾನ ಮಿಹಿರ್ ಕಡತ ಹಿಡಿದು ಬಾಗಿಲಲ್ಲಿ ನಿಂತ. ದೇವೇಂದ್ರರ ಕಪಾಟಿನಲ್ಲಿ ಸಿಕ್ಕಿತಂತೆ. ಕೃಷ್ಣವೇಣಿ ಮುಟ್ಟಲಿಲ್ಲ. “ಒಯ್ದವರೇ ತರಲಿ.”

ಊಟದ ಹೊತ್ತಿಗೆ ಮೊದಲೇ ದೇವೇಂದ್ರ ಇಳಿದು ಬಂದ. ಕಡತವನ್ನು ಮೇಜಿನ ಮೇಲೆ ಕುಕ್ಕಿ, ವಾಪಸಾತಿಯ ಕಾಲಂ ಎಲ್ಲಿದೆ ಎಂದು ಪೆನ್ನು ತೆಗೆದ. ಕೃಷ್ಣವೇಣಿ ರಿಜಿಸ್ಟರಿನ ಹಳೆಯ ಪುಟಕ್ಕೆ ಹೋಗಿ, ಖಾಲಿ ಬಿಟ್ಟ ಜಾಗದ ಮೇಲೆ ಬೆರಳಿಟ್ಟಳು.

“ಮೊದಲು ಒಯ್ದದ್ದಕ್ಕೆ ಮಾಡಿ ಸರ್.”