ಮರ್ಯಾದಿ ತಾಳದ ಸಾಫ್ಟ್‌ವೇರ್

ಬೀದರಿನ ಗಾಂಧಿ ಗಂಜ್ ಹತ್ರ ನಮ್ಮ ಕಾಕಾಂದು ಲಗ್ನಪತ್ರಿಕಿ ಛಾಪಖಾನಿ. ಕಂಪ್ಯೂಟರ್ ಮುಂದ ಕೂಡೋದು ನಾನು. ಕಾಕಾಂದು ಒಂದು ಹಟ: ಗಿರಾಕಿ ಹೆಸರು ಎಲ್ಲೂ ಮೊಟಕು ಬರೀಬಾರದು, ಫೋಲ್ಡರಿಗೂ ಪೂರ್ತಿ ಮರ್ಯಾದಿ ಬೇಕು. ಶ್ರೀಮಾನ್, ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಸಾಹೇಬ್ರು, ಮುಕ್ಕಾಂ ಭಾಲ್ಕಿ. ಒಂದೊಂದು ಫೋಲ್ಡರ್ ದಿಬ್ಬಣದಷ್ಟು ಉದ್ದ.

ಹೋದ ವರ್ಷ ಒಂದಿನ ಹೊಸ ಸರ್ವರ್ ಬಂತು, ಫೈಲೆಲ್ಲಾ ಅದರಾಗ ಹಾಕಿದ್ವಿ. ಪತ್ರಿಕಿ ಮಾಡೋ ಸಾಫ್ಟ್‌ವೇರ್ ಮಾತ್ರ ಹಳೇದೇ. ನನ್ನ ಲಗ್ನದ ಪತ್ರಿಕಿನೂ ಅದರಾಗೇ ಆಗಿದ್ದು.

ಮರುದಿನ ಮುಂಜಾನಿ ಭಾಲ್ಕಿ ಯಜಮಾನ್ರು ಬಂದು ಕುಂತ್ರು. ಮಗಳ ಲಗ್ನ. ಮೊದಲ ಪತ್ರಿಕಿ ಔರಾದಿನ ಮನಿದೇವ್ರ ಮುಂದ ಇಡೋತನಕ ಊರಾಗ ಒಂದೂ ಹಂಚಂಗಿಲ್ಲ. ಪಂಚಾಂಗದಾಗ ಅವತ್ತೇ ಒಳ್ಳೇ ದಿನ. ಹನ್ನೆರಡರ ಬಸ್ಸು ಹಿಡೀಬೇಕು.

ಅವ್ರ ಪತ್ರಿಕಿ ಫೈಲು ಕಣ್ಣಿಗೆ ಕಾಣ್ತದ, ಒತ್ತಿದ್ರ "ಫೈಲು ಸಿಗಲಿಲ್ಲ" ಅಂತದ. ಬಂದ್ ಮಾಡಿ ಚಾಲೂ ಮಾಡಿದೆ. ವೈರ್ ಕಿತ್ತಿ ಊದಿದೆ. ಸಾಫ್ಟ್‌ವೇರಿಗೆ ಬೈದ್ರ ಕಾಕಾ, "ಕುಣೀಲಾರದಾಕಿಗೆ ನೆಲ ಡೊಂಕು" ಅಂದು ಊದಿನಕಡ್ಡಿ ಹಚ್ಚಿದ. ಫೈಲಿನ ನಕಲು ತೆಗೆದು ಬ್ಯಾರೆ ಕಡೆ ಇಡ್ಲೇನು ಅಂದ್ರ ಬ್ಯಾಡ ಅಂದ. ಹಿಂದೊಮ್ಮೆ ಹಳೇ ನಕಲು ಛಾಪಾಗಿ ವರನೇ ಬದಲಾಗಿದ್ದ. ನನ್ನ ತಲಿ ಕೆಟ್ಟು ಹೋತು.

ಹನ್ನೊಂದೂವರಿಗೆ "ಟೆಸ್ಟ್" ಅನ್ನೋ ಫೋಲ್ಡರ್ ಒತ್ತಿದೆ, ಅದರಾಗಿನ ಫೈಲು ತಟ್ಟನೆ ತೆರೀತು. ಆಗ ಹೊಳೀತು. ಸರ್ವರ್ ಹೆಸರು, ಅದರ ಹಿಂದ ಈ ದಿಬ್ಬಣ, ಎಲ್ಲಾ ಕೂಡಿ ಫೈಲಿನ ವಿಳಾಸ ಉದ್ದಾಗಿ ಮುದಿ ಸಾಫ್ಟ್‌ವೇರಿಗೆ ದಮ್ ಹತ್ತಿತ್ತು.

"ಕಾಕಾ, ಹೆಸರು ಕಡೀಬೇಕು."

"ಅವ್ರ ಎದುರಿಗೇನಲೇ? ಶ್ರೀಮಾನ್ ಮುಟ್ಟಬ್ಯಾಡ."

"ಸಾಹೇಬ್ರು" ತೆಗೆದೆ, ತೆರೀಲಿಲ್ಲ. ಅಪ್ಪನ ಹೆಸರು ತೆಗೆದೆ, ತೆರೀಲಿಲ್ಲ. ಯಜಮಾನ್ರು ಎದ್ದು ಬಂದ್ರು. ಕಾಕಾ ಕಂಪ್ಯೂಟರಿಗೆ ಅಡ್ಡ ನಿಂತ.

"ಸರೀರಿ," ಅಂದ್ರು ಅವರು. "ನನ್ನ ಮರ್ಯಾದಿ ಎಲ್ಲಾ ತೆಗದ ಬಿಡ್ರಿ. ಮಗಳ ಪತ್ರಿಕಿ ಕೊಡ್ರಿ."

ಪೂರಾ ಅಳಿಸಿ, ಅವ್ರ ಕಣ್ಣೆದುರಿಗೇ ಫೋಲ್ಡರಿಗೆ "ಒಂದು" ಅಂತ ಹೆಸರಿಟ್ಟೆ. ಫೈಲು ತೆರೀತು. ಮಸಿ ಆರೋದ್ರಾಗ ಯಜಮಾನ್ರು ಪತ್ರಿಕಿ ಹಿಡಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ್ರು. ಖುಷಿಗೆ ನನಗ ಕಣ್ಣಾಗ ನೀರು ಬಂತು. ಕಾಕಾ ಮಾತ್ರ ಸಂಜಿತನಕ ನನಗ ಬೈಕೊಂತ ಇದ್ದ.

ಹೋದ ತಿಂಗಳು ಸಣ್ಣ ಮಗಳ ಪತ್ರಿಕಿಗೆ ಯಜಮಾನ್ರು ಮತ್ತ ಬಂದ್ರು. ಬಾಗಿಲಾಗೇ ನಿಂತು, "ಗುರುತು ಸಿಕ್ತೇನ್ರಿ? ನಾ ರೀ, ಒಂದು" ಅಂದ್ರು.

ಬರೇ "ಒಂದು" ಅನ್ನೋದು ಕಾಕಾಗ ತಡಿಯಲಿಕ್ಕೆ ಆಗಲಿಲ್ಲ. ಎದ್ದು ಕೈ ಮುಗಿದು ಅಂದ: "ಬರ್ರಿ, ಶ್ರೀಮಾನ್ ಒಂದು ಸಾಹೇಬ್ರ, ಕೂಡ್ರಿ."