ದೊರೆಯ ಸೊಂಟದ ಅಳತೆ

ಊರಿನ ಪ್ರಾಣಿಗಳ ಡಾಕ್ಟರಮ್ಮ ಬೈಯುವುದೆಲ್ಲ ಮನುಷ್ಯರಿಗೇ, ಆದರೆ ಬೈಯುವಾಗ ಮುಖ ಮಾತ್ರ ಪ್ರಾಣಿಯ ಕಡೆ. ಯಾರೋ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರೆನ್ನಿ. ಬೆಕ್ಕಿನ ಗಲ್ಲ ಹಿಡಿದು ಶುರು ಮಾಡುತ್ತಾಳೆ: "ನೋಡು ಚಿನ್ನ, ನಿಮ್ಮಮ್ಮನಿಗೆ ಸ್ವಲ್ಪ ಬುದ್ಧಿ ಹೇಳು. ಮನುಷ್ಯರ ಜ್ವರದ ಮಾತ್ರೆ ನಿನಗೆ ವಿಷ. ಮುದ್ದು ಮಾಡಿ ಕೊಟ್ರೂ ವಿಷ ವಿಷಾನೇ." ಪಕ್ಕದಲ್ಲಿ ನಿಂತ 'ನಿಮ್ಮಮ್ಮ' ಪೆಚ್ಚುಮೋರೆ ಹಾಕಿಕೊಂಡು ಟವೆಲ್ ಮಡಚುತ್ತಾಳೆ. ಬೆಕ್ಕಿಗೆ ಬಿದ್ದ ಬೈಗುಳಕ್ಕೆ ತಾನು ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ, ಹೇಳಿ?

ಇದನ್ನು ಅವಳು ಕಲಿತದ್ದು ಪೆಟ್ಟು ತಿಂದೇ. ಹೊಸತರಲ್ಲಿ ಎಲ್ಲವನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಜನ ಮುಖ ಊದಿಸಿಕೊಂಡು ಹೋದವರು ಲಸಿಕೆಗೂ ತಿರುಗಿ ಬರುತ್ತಿರಲಿಲ್ಲ. ಆಮೇಲೆ ಈ ಅಡ್ಡದಾರಿ ಹಿಡಿದಳು. "ನಮ್ಮನೇಲಿ ನಾಯಿ ಬೆಕ್ಕು ಏನೂ ಇಲ್ವಲ್ಲ, ಅದಕ್ಕೇ ನನ್ನ ಪಾಲಿನ ಬೈಗುಳ ನೇರವಾಗೇ ಬರುತ್ತೆ" ಎಂದು ಅವಳ ಗಂಡ ಸಿಕ್ಕಸಿಕ್ಕವರ ಹತ್ತಿರ ಗೋಳು ತೋಡಿಕೊಳ್ಳುತ್ತಾನೆ.

ಡಾಕ್ಟರಮ್ಮ ಆಳು ಗಿಡ್ಡ, ಗಂಟಲು ದೊಡ್ಡದು. ಕೂದಲನ್ನು ಬ್ಯಾಂಡೇಜ್ ಬಟ್ಟೆಯ ತುಂಡಿನಿಂದ ಗಂಟು ಕಟ್ಟಿರುತ್ತಾಳೆ. ಹಿಂದೆ ಸೈಕಲ್ ರಿಪೇರಿ ಅಂಗಡಿಯಾಗಿದ್ದ ಕೋಣೆಯೇ ಅವಳ ಆಸ್ಪತ್ರೆ. ಎಷ್ಟು ಫಿನಾಯಿಲ್ ಹಾಕಿ ತೊಳೆದರೂ ಮೂಲೆಯಲ್ಲಿ ಗ್ರೀಸಿನ ವಾಸನೆ ಹೋಗಿಲ್ಲ. ಉದ್ದನೆಯ ಬೆಂಚಿನ ಈ ತುದಿಯಲ್ಲಿ ನಾಯಿಯವರು, ಆ ತುದಿಯಲ್ಲಿ ಬೆಕ್ಕಿನವರು. ನಡುವೆ ಮೊಲ ಹಿಡಿದುಕೊಂಡು ಕೂತವರಿಗೆ ಜೀವ ಕೈಯಲ್ಲಿ. ಕಿವಿಯೊಳಗೆ ನೀರು ಬಿಡಬೇಡ, ಉಗುರು ಟಕಟಕ ಸದ್ದು ಮಾಡಿದರೆ ಕತ್ತರಿಸು, ಉಣ್ಣಿ ಹುಳ ಕಿತ್ತ ಮೇಲೆ ಅದರ ಬಾಯಿ ಚರ್ಮದಲ್ಲೇ ಉಳಿದಿದೆಯಾ ನೋಡು ಎಂದು ದಿನವಿಡೀ ನಾಯಿ ಬೆಕ್ಕುಗಳಿಗೆ ಪಾಠ ನಡೆಯುತ್ತಿರುತ್ತದೆ. ಬಂದವರು ಹೂಂಗುಟ್ಟುತ್ತಿರುತ್ತಾರೆ.

ಒಂದು ಬೆಳಿಗ್ಗೆ ಟೈಲರಣ್ಣ ಬಂದ. ಜೊತೆಯಲ್ಲಿ ಅವನ ನಾಯಿ ದೊರೆ ಇರಲಿಲ್ಲ. ಅದನ್ನು ನೋಡಿಯೇ ಡಾಕ್ಟರಮ್ಮ ಕೈಲಿದ್ದ ಕೆಲಸ ಬಿಟ್ಟು ಎದ್ದಳು.

"ದೊರೆಗೆ ಏಳೋಕೇ ಆಗ್ತಿಲ್ಲ ಡಾಕ್ಟರಮ್ಮ," ಎಂದ ಟೈಲರಣ್ಣ, ನೆಲ ನೋಡುತ್ತಾ. "ಹಿಂಗಾಲು ಬಿದ್ದೇಹೋಗಿದೆ. ನೀವೇ ಬಂದು ಒಂದು ಇಂಜೆಕ್ಷನ್ ಕೊಟ್ಟುಬಿಡಿ. ನಿದ್ದೆ ಮಾಡಿದ ಹಾಗೆ ಹೋಗಿಬಿಡ್ಲಿ. ಅವನು ಒದ್ದಾಡೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಎದುರಿಗೆ ಪ್ರಾಣಿಯಿಲ್ಲದೆ ಡಾಕ್ಟರಮ್ಮನಿಗೆ ಬಾಯಿ ಕಟ್ಟಿದಂತಾಯಿತು. ಚೀಲ ಹೆಗಲಿಗೇರಿಸಿ, "ನಡೀರಿ" ಎಂದಷ್ಟೇ ಹೇಳಿ ಹೊರಟಳು.

ಟೈಲರಣ್ಣನ ಅಂಗಡಿ ಕೆಳಗೆ, ಮನೆ ಮಾಳಿಗೆಯಲ್ಲಿ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚೂರು ಬಟ್ಟೆಗಳ ರಾಶಿಯ ಮೇಲೆ ದೊರೆ ಮಲಗಿದ್ದ. ಕಂದು ಬಣ್ಣ, ಮಡಚಿದ ಕಿವಿ, ಊರಿಗೇ ತಾನು ಯಜಮಾನ ಎನ್ನುವಂಥ ಮುಖ. ಡಾಕ್ಟರಮ್ಮ ನೆಲದ ಮೇಲೆ ಕೂತು ಎದೆ ಕೇಳಿದಳು, ಮಂಡಿ ಮಡಚಿ ನೋಡಿದಳು, ಕೊನೆಗೆ ಪಕ್ಕೆಯ ಮೇಲೆ ಬೆರಳಾಡಿಸಿದಳು. ಅಂಗೈ ಚಾಚಿ ಅದರ ಹಿಂಬದಿ ಸವರಿದರೆ ಮೂಳೆ ಹೇಗೆ ಸಿಗುತ್ತದೋ, ನಾಯಿಯ ಪಕ್ಕೆಲುಬೂ ಹಾಗೇ ಸಿಗಬೇಕು. ಇಲ್ಲಿ ಹಾಸಿಗೆಯೊಳಗೆ ಬಿದ್ದ ಸೂಜಿ ಹುಡುಕಿದ ಹಾಗಾಯಿತು.

"ಲೋ ದೊರೆ," ಎಂದಳು. ಈಗ ಅವಳ ಗಂಟಲು ತೆರೆದಿತ್ತು. "ನಿಮ್ಮಪ್ಪನಿಗೆ ಹೇಳು. ಸಾಯೋಕೆ ನಿನಗೆ ಯಾವ ರೋಗಾನೂ ಇಲ್ಲ. ಮಂಡಿ ಸವೆದಿದೆ, ನಿಜ. ಆದ್ರೆ ಆ ಮಂಡಿ ಮೇಲೆ ಇನ್ನೊಂದು ನಾಯಿಯಷ್ಟು ಕೊಬ್ಬು ಹೊತ್ಕೊಂಡಿದ್ದೀಯಲ್ಲೋ! ಅದನ್ನ ಇಳಿಸು, ನೀನು ಏಳ್ತೀಯ. ಮೆಟ್ಟಿಲೂ ಹತ್ತುತ್ತೀಯ. ಹತ್ತಿಸದೇ ಹೋದ್ರೆ ನನ್ನ ಬೋರ್ಡನ್ನ ನಾನೇ ಕಿತ್ತು ಹಾಕ್ತೀನಿ."

ಟೈಲರಣ್ಣ ಕಣ್ಣೊರೆಸಿಕೊಂಡ. "ಮೆಟ್ಟಿಲು ಹತ್ತಿದ್ರೆ ನನ್ನ ಸಂಸಾರ ಉಳಿಯುತ್ತೆ ಡಾಕ್ಟರಮ್ಮ."

ಅವನ ಸಂಸಾರದ ಕಥೆ ಬೀದಿಗೆಲ್ಲ ಗೊತ್ತಿದ್ದದ್ದೇ. ದೊರೆಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಟೈಲರಣ್ಣನಿಗೆ ಅವನನ್ನು ಎತ್ತಲಾಗುವುದಿಲ್ಲ. ಹಾಗಾಗಿ ಇವನೂ ಅಂಗಡಿಯಲ್ಲೇ, ಕತ್ತರಿಸುವ ಮೇಜಿನ ಮೇಲೆ ಮಲಗತೊಡಗಿದ. ಹೆಂಡತಿಗೆ ಉರಿದುಹೋಯಿತು. "ನಿನಗೆ ಆ ನಾಯಿನೇ ಹೆಚ್ಚಾಯ್ತಾ? ಸರಿ, ಅವನು ಮೇಲೆ ಬರೋ ತನಕ ನಾನು ಕೆಳಗೆ ಕಾಲಿಡಲ್ಲ" ಎಂದು ಪಟ್ಟು ಹಿಡಿದು ಕೂತಳು. ಅಂದಿನಿಂದ ಗಂಡನ ಊಟ ಮಾಳಿಗೆಯ ಕಿಟಕಿಯಿಂದ ಬುಟ್ಟಿಯಲ್ಲಿ ಇಳಿಯುತ್ತಿತ್ತು. ಜಗಳ ಮಾತ್ರ ಬುಟ್ಟಿಯಿಲ್ಲದೆಯೇ ಇಳಿಯುತ್ತಿತ್ತು.

ಡಾಕ್ಟರಮ್ಮ ಮಂಡಿ ನೋವಿಗೆ ಮಾತ್ರೆ ಕೊಟ್ಟಳು. ಹೊತ್ತಿಗೆ ಇಷ್ಟೇ ಊಟ ಎಂದು ಲೋಟಕ್ಕೆ ಗೆರೆ ಎಳೆದು ತೋರಿಸಿದಳು. ನಾಯಿಯನ್ನು ತೂಕದ ಯಂತ್ರಕ್ಕೆ ಹೊತ್ತು ತರುವವರು ಯಾರು? "ಟೇಪು ಹೇಗೂ ನಿಮ್ಮ ಕತ್ತಲ್ಲೇ ನೇತಾಡ್ತಿರುತ್ತೆ. ಸೊಂಟ ಅಳೆದು ಫೋನ್ ಮಾಡಿ" ಎಂದಳು.

ಟೈಲರಣ್ಣ ತಪ್ಪದೆ ಫೋನ್ ಮಾಡಿದ. ಒಂದಿಂಚು ಇಳಿದಿದೆ. ಮತ್ತೆ ಅರ್ಧ ಇಂಚು ಇಳಿದಿದೆ. ಡಾಕ್ಟರಮ್ಮ ಫೋನ್ ಇಟ್ಟು, ಬೆಂಚಿನ ಮೇಲಿದ್ದ ನಾಯಿಗಳಿಗೆಲ್ಲ ಆ ಸುದ್ದಿ ಸಾರಿದಳು. ಮತ್ತೆ ಫೋನ್ ಬಂದಾಗ ಖುಷಿ ತಡೆಯಲಾರದೆ, ದೊರೆಯನ್ನು ಕಣ್ಣಾರೆ ನೋಡೋಣವೆಂದು ಅಂಗಡಿಗೇ ಹೋದಳು.

ಹೋಗಿ ನೋಡಿದರೆ ದೊರೆ ಮೊದಲಿಗಿಂತ ದುಂಡಗಾಗಿದ್ದ!

"ಅಣ್ಣಾ, ಎಲ್ಲಿ, ನನ್ನೆದುರಿಗೆ ಅಳೀರಿ."

ಟೈಲರಣ್ಣ ಟೇಪು ಸುತ್ತಿದ, ಎರಡು ಬೆರಳಲ್ಲಿ ಹಿಡಿದು ಎಳೆದ. ದೊರೆಯ ಹೊಟ್ಟೆ ಟೇಪಿನ ಈ ಕಡೆಯೊಂದು, ಆ ಕಡೆಯೊಂದು ಭಾಗವಾಗಿ ಉಬ್ಬಿತು.

"ಇದು ಅಳೆಯೋದಾ, ಹಿಸುಕೋದಾ?"

ಟೈಲರಣ್ಣನ ಕಿವಿ ಕೆಂಪಾಯಿತು. "ದಪ್ಪ ಇರೋ ಗಿರಾಕಿ ಬಂದ್ರೆ ಟೇಪನ್ನ ಒಂಚೂರು ಎಳೆದೇ ಹಿಡಿಯೋದು ಡಾಕ್ಟರಮ್ಮ. ಕಡಿಮೆ ನಂಬರ್ ಕೂಗಿದ್ರೆ ಅವರಿಗೆ ಖುಷಿ ಅಲ್ವಾ? ಆಮೇಲೆ ಹೊಲಿಯುವಾಗ ನಾನೇ ಸಡಿಲ ಬಿಡ್ತೀನಿ. ಕೈಗೆ ರೂಢಿಯಾಗಿಬಿಟ್ಟಿದೆ."

"ಅಯ್ಯೋ ಪುಣ್ಯಾತ್ಮ, ನಾಯಿಗೂನಾ?"

"ಅವನಿಗೂ ಬೇಜಾರಾಗಬಾರದಲ್ವಾ?"

ಡಾಕ್ಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಟೇಪು ಸುಳ್ಳು ಹೇಳಿತ್ತು, ಸರಿ. ಲೋಟ? ಗೆರೆ ಮೀರಿ ಒಂದು ಕಾಳೂ ಹಾಕಿಲ್ಲವೆಂದು ಟೈಲರಣ್ಣ ಆಣೆ ಮಾಡಿದ. ಅವನ ಮುಖ ನೋಡಿದರೆ ಸುಳ್ಳು ಅನ್ನಿಸಲಿಲ್ಲ. ಹಾಗಾದರೆ ಕೊಬ್ಬೇನು ಗಾಳಿಯಿಂದ ಬಂತೇ? ಡಾಕ್ಟರಮ್ಮ ಸುತ್ತ ನೋಡಿದಳು. ಗಿರಾಕಿಗಳು ಬಟ್ಟೆ ತೊಟ್ಟು ನೋಡಲೆಂದು ಮೂಲೆಯಲ್ಲೊಂದು ಪರದೆ ಇತ್ತು. "ನಾನಿಲ್ಲಿದ್ದೀನಿ ಅಂತ ಯಾರಿಗಾದ್ರೂ ಬಾಯಿಬಿಟ್ರೆ ನೋಡಿ!" ಎಂದು ಟೈಲರಣ್ಣನನ್ನು ಹೆದರಿಸಿ ಪರದೆಯ ಹಿಂದೆ ಸ್ಟೂಲು ಎಳೆದುಕೊಂಡು ಕೂತಳು.

ಟೈಲರಣ್ಣ ಗೋಡೆಗೆ ಮುಖ ಮಾಡಿ ಮಷೀನ್ ತುಳಿಯತೊಡಗಿದ. ಸ್ವಲ್ಪ ಹೊತ್ತಿಗೆಲ್ಲ ಎದುರಿನ ಬೇಕರಿಯವನು ಬೆಕ್ಕಿನ ಹೆಜ್ಜೆಯಿಟ್ಟು ಬಂದ. "ಪಾಪ, ಪಥ್ಯವಂತೆ ನಿನಗೆ. ಎಂಥ ಕಲ್ಲು ಮನಸ್ಸಪ್ಪ ಆ ಡಾಕ್ಟರಮ್ಮಂದು!" ಎಂದು ಪಿಸುಗುಟ್ಟಿ ಬನ್ನಿನ ತುಂಡು ತಿನ್ನಿಸಿ ಹೋದ. ಹಾಲಿನವಳು ಬಂದಳು, ಕೆನೆ ಇಟ್ಟಳು, ತಲೆ ಸವರಿದಳು, ಹೋದಳು. ಪ್ಯಾಂಟು ಆಯಿತಾ ಎಂದು ಕೇಳುವ ನೆಪದಲ್ಲಿ ಬಂದ ಶಾಲೆಯ ಮೇಷ್ಟ್ರ ಜೇಬಿನಿಂದ ಬೇಯಿಸಿದ ಮೊಟ್ಟೆಯೇ ಹೊರಬಂತು. ಒಬ್ಬೊಬ್ಬರಿಗೂ ತಾನೊಬ್ಬನೇ ಗುಟ್ಟಾಗಿ ಈ ಪುಣ್ಯದ ಕೆಲಸ ಮಾಡುತ್ತಿದ್ದೇನೆಂಬ ಭಾವನೆ. ಪಥ್ಯದ ಸುದ್ದಿ ಹಬ್ಬಿದ ಮೇಲೆ ಬೀದಿಗೆ ಬೀದಿಯೇ ಅಯ್ಯೋ ಪಾಪ ಎಂದು ಟೊಂಕ ಕಟ್ಟಿ ನಿಂತಿತ್ತು. ಪರದೆಯ ಹಿಂದೆ ಡಾಕ್ಟರಮ್ಮ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಆಗ ದೊರೆ ಕಿವಿ ನಿಮಿರಿಸಿದ. ಮಲಗಿದ್ದಲ್ಲೇ ಹಿಂಗಾಲನ್ನು ನೆಲಕ್ಕೆ ಒತ್ತಿದ, ಮೈ ಜಗ್ಗಿದ, ನಡುಗುತ್ತಾ ಅರ್ಧ ಎದ್ದು ಕಿಟಕಿಯ ತನಕ ತೆವಳಿದ. ಮೇಲಿನಿಂದ ಬುಟ್ಟಿ ಇಳಿಯಿತು. ಟೈಲರಣ್ಣನ ಊಟದ ಡಬ್ಬಿಯ ಪಕ್ಕದಲ್ಲಿ ಬೆಣ್ಣೆ ಸವರಿದ ಬ್ರೆಡ್ಡು, ಬಟ್ಟೆ ಮುಚ್ಚಿ ಬೆಚ್ಚಗೆ ಇಟ್ಟಿದ್ದು. ದೊರೆ ಮೂತಿ ತೂರಿಸಿ ತನ್ನ ಪಾಲನ್ನು ಮಾತ್ರ ನೀಟಾಗಿ ಎತ್ತಿಕೊಂಡ.

"ಕಾಲಲ್ಲಿ ಜೀವ ಇದೆ!" ಎಂದು ಡಾಕ್ಟರಮ್ಮ ಪರದೆ ಸರಿಸಿ ಹೊರಗೆ ಹಾರಿದಳು. ಪ್ಯಾಂಟು ತೊಡಲು ಅದೇ ಪರದೆಯ ಕಡೆ ಬರುತ್ತಿದ್ದ ಮೇಷ್ಟ್ರು ಕಿರುಚಿಕೊಂಡರು. "ಕಾಲಲ್ಲಿ ಜೀವ ಇದೆ ಅಣ್ಣಾ! ಒತ್ತಿ ನಿಂತ, ನಾನೇ ನೋಡಿದೆ!" ಎನ್ನುತ್ತಾ ಅವಳು ದಡದಡನೆ ಮೆಟ್ಟಿಲು ಹತ್ತಿದಳು.

ಟೈಲರಣ್ಣನ ಹೆಂಡತಿ ಇನ್ನೂ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ಬೈಯಲು ಅಲ್ಲಿ ನಾಯಿಯಿರಲಿಲ್ಲ, ಬೆಕ್ಕಿರಲಿಲ್ಲ. ಡಾಕ್ಟರಮ್ಮ ಉಸಿರು ಬಿಡುತ್ತಾ ನೇರವಾಗಿ ಕೇಳಿಯೇಬಿಟ್ಟಳು. "ಅಕ್ಕಾ, ಅವನನ್ನ ಕಂಡ್ರೆ ಆಗಲ್ಲ ಅಂತೀರಿ. ಮತ್ತೆ ಈ ಬೆಣ್ಣೆ?"

ಅಕ್ಕ ಮೊದಲು ಮುಖ ತಿರುಗಿಸಿದಳು. ಆಮೇಲೆ ಗಳಗಳನೆ ಅತ್ತುಬಿಟ್ಟಳು. "ಮರಿಯಾಗಿದ್ದಾಗ ನನ್ನ ಮಡಿಲಲ್ಲೇ ಮಲಗ್ತಿದ್ದ ಕಣಮ್ಮ. ಈಗ ಅಪ್ಪ ಮಗ ಇಬ್ಬರೂ ಕೆಳಗೆ, ನಾನೊಬ್ಳೇ ಮೇಲೆ. ಬುಟ್ಟಿ ಇಳಿಸಿದಾಗಲಾದ್ರೂ ಕತ್ತೆತ್ತಿ ನನ್ನ ನೋಡ್ತಾನೆ. ಅದೂ ಇಲ್ದೆ ಹೋದ್ರೆ, ಬರಿಗೈಯಲ್ಲಿರೋಳ ಹತ್ರ ಅವನಿಗೇನು ಕೆಲಸ?"

ಡಾಕ್ಟರಮ್ಮನ ಸಿಟ್ಟು ಜರ್ರನೆ ಇಳಿಯಿತು. ಅಕ್ಕನ ಪಕ್ಕದಲ್ಲಿ ಕೂತಳು. "ಇನ್ಮೇಲೆ ಬುಟ್ಟೀಲಿ ಬಿಸಿನೀರಿನ ಚೀಲ ಇಳಿಸಿ ಅಕ್ಕಾ. ಮಂಡಿಗೆ ಶಾಖ ಬೇಕು. ಅವನು ನಿಮ್ಮನ್ನ ಬೆಣ್ಣೆಗೋಸ್ಕರ ನೋಡ್ತಾನೆ ಅಂದ್ಕೊಂಡಿದ್ದೀರ. ನನಗೇನೋ ಹಾಗನ್ನಿಸಲ್ಲ."

ಕೆಳಗಿಳಿದು ಬಂದವಳು ಬೀದಿಯ ನಡುವೆ ನಿಂತಳು. ಬೇಕರಿಯವನು, ಹಾಲಿನವಳು, ಮೇಷ್ಟ್ರು ಎಲ್ಲರೂ ಕಳ್ಳರ ಹಾಗೆ ಮುಖ ಮರೆಸಿಕೊಳ್ಳುತ್ತಿದ್ದರು. "ಅವನಿಗೆ ಏನಾದ್ರೂ ಕೊಡ್ಬೇಕು ಅಂತ ಹೊಟ್ಟೆ ಚುರ್ ಅಂದಾಗ ಬಾಚಣಿಗೆ ಹಿಡ್ಕೊಂಡು ಬನ್ನಿ. ಮೈ ಬಾಚಿ, ಕಾಲು ನೀವಿ. ಅವನು ನಿಂತ ಮೇಲೆ ಜೊತೇಲಿ ನಾಲ್ಕು ಹೆಜ್ಜೆ ನಡೀರಿ. ತಿಂಡಿ ತಂದವರ ಮನೆ ನಾಯಿಗೆ ನಾನು ಸೂಜಿ ಚುಚ್ಚುವಾಗ ದೊಡ್ಡ ಸೂಜಿನೇ ಹುಡುಕ್ತೀನಿ!"

ಬೀದಿ ನಕ್ಕಿತು, ಆದರೆ ಮಾತು ಕೇಳಿತು. ಬೇಕರಿಯವನು ಬಾಚಿದ್ದಕ್ಕೆ ದೊರೆಯ ಮೈ ಫಳಫಳ ಹೊಳೆಯತೊಡಗಿತು. ಮೇಷ್ಟ್ರು ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಎತ್ತಿ ಹಿಡಿದು, ಒಂದೊಂದೇ ಹೆಜ್ಜೆ ಇಡಿಸಿದರು. ಬುಟ್ಟಿಯಲ್ಲಿ ಬಿಸಿನೀರಿನ ಚೀಲ ಇಳಿಯಿತು. ದೊರೆ ಅದನ್ನು ಮೂಸಿ, ಮೊದಮೊದಲು ತೀರಾ ಅವಮಾನವಾದವನಂತೆ ಮುಖ ಮಾಡಿದ. ಟೈಲರಣ್ಣ ಟೇಪನ್ನು ಎಳೆಯದೆ ಹಿಡಿಯಲು ಕಲಿತ. ಆ ಭರದಲ್ಲಿ ಗಿರಾಕಿಗಳಿಗೂ ನಿಜವಾದ ಅಳತೆ ಹೇಳಿ ಒಂದಿಬ್ಬರಿಂದ ಬೈಸಿಕೊಂಡದ್ದೂ ಆಯಿತು. ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲು ಡಾಕ್ಟರಮ್ಮ ದಿನಾ ಅತ್ತ ಹೋಗಿ ದೊರೆಯ ಪಕ್ಕೆ ಸವರಿ ಬರುತ್ತಿದ್ದಳು. ಹೊರಗೆ ಎಷ್ಟು ಜೋರು ಮಾಡಿದರೂ ಒಳಗೊಳಗೆ ಅವಳಿಗೂ ಅಳುಕೇ. ಕಾಲು ನಿಲ್ಲದೇ ಹೋದರೆ, ಟೈಲರಣ್ಣ ಅಂದು ಕೇಳಿದ ಆ ಇಂಜೆಕ್ಷನ್ನನ್ನು ತನ್ನ ಕೈಯಾರೆ ಕೊಡಬೇಕಲ್ಲ! ಒಂದು ದಿನ ಬೆರಳಿಗೆ ಪಕ್ಕೆಲುಬು ಸಿಕ್ಕಿತು. ಆ ಸಂತೋಷಕ್ಕೆ ನಾಯಿಯ ಮೂಗಿಗೇ ಮುತ್ತು ಕೊಟ್ಟಳು.

ಬಿಸಿಲು ಚೆನ್ನಾಗಿದ್ದ ಒಂದು ಸಂಜೆ ದೊರೆ ಯಾರ ಟವೆಲ್ಲೂ ಇಲ್ಲದೆ ಅಂಗಡಿಯಿಂದ ಹೊರಬಂದು ಮೆಟ್ಟಿಲ ಬುಡದಲ್ಲಿ ನಿಂತ. ಕತ್ತೆತ್ತಿ ನೋಡಿದ. ಮಷೀನಿನ ಸದ್ದು ನಿಂತಿತು. ಸುದ್ದಿ ಹೋಗಿ ಡಾಕ್ಟರಮ್ಮ ಓಡಿ ಬರುವ ಹೊತ್ತಿಗೆ ಬೀದಿಯೆಲ್ಲ ಅಲ್ಲಿ ಸೇರಿತ್ತು. ಬೇಕರಿಯವನು ಆಸೆ ತೋರಿಸಲೆಂದು ಬಿಸ್ಕತ್ತು ತೆಗೆದ. ಡಾಕ್ಟರಮ್ಮ ಅವನ ಕೈಗೆ ಪಟ್ಟೆಂದು ಹೊಡೆದಳು.

ಮೇಲೆ ಬಾಗಿಲು ತೆರೆಯಿತು. ಅಕ್ಕ ಹೊರಬಂದು ಮೆಟ್ಟಿಲ ತಲೆಯಲ್ಲಿ ಕೂತಳು. ಎರಡೂ ಅಂಗೈ ಬಿಡಿಸಿ ತೋರಿಸಿದಳು.

"ಏನೂ ಇಲ್ಲ ಕಣೋ," ಎಂದಳು. "ಬರೀ ಕೈ. ಬರ್ತೀಯಾ?"

ದೊರೆ ಮುಂಗಾಲಿಟ್ಟ. ಹಿಂಗಾಲು ನಡುಗಿತು, ಜಾರಿತು, ಮತ್ತೆ ಊರಿತು. ಇನ್ನೊಂದು ಮೆಟ್ಟಿಲು. ನಡುವೆ ನಿಂತು ಏದುಸಿರು ಬಿಟ್ಟ. ಡಾಕ್ಟರಮ್ಮ ತನಗೇ ತಿಳಿಯದೆ ಮೇಷ್ಟ್ರ ತೋಳು ಹಿಸುಕುತ್ತಿದ್ದಳು. ದೊರೆ ಮತ್ತೆ ಹತ್ತಿದ. ಹತ್ತಿ, ಆ ಖಾಲಿ ಅಂಗೈಗಳ ನಡುವೆ ಮೂತಿಯಿಟ್ಟು ಕಣ್ಣು ಮುಚ್ಚಿದ. ಬೆಣ್ಣೆ ಎಲ್ಲಿ ಎಂದು ಮೂಸಿಯೂ ನೋಡಲಿಲ್ಲ.

ಅಕ್ಕ ಅವನ ಕತ್ತಿಗೆ ಮುಖವಿಟ್ಟು ಬಿಕ್ಕಿದಳು. ಕೆಳಗೆ ಬೀದಿ ಚಪ್ಪಾಳೆ ಹೊಡೆಯಿತು, ಸಿಳ್ಳೆ ಹೊಡೆಯಿತು. ಡಾಕ್ಟರಮ್ಮ ಕೂದಲಿಗೆ ಕಟ್ಟಿದ್ದ ಬ್ಯಾಂಡೇಜ್ ಬಟ್ಟೆ ಬಿಚ್ಚಿ ಕಣ್ಣು ಮೂಗು ಎರಡನ್ನೂ ಒರೆಸಿಕೊಂಡಳು. ಗದ್ದಲವೆಲ್ಲ ತಣ್ಣಗಾದ ಮೇಲೆ ಟೈಲರಣ್ಣ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕತ್ತು ಕೆರೆದುಕೊಳ್ಳುತ್ತಾ ಕೇಳಿದ.

"ನಾನೂ ಬರಬಹುದಾ?"

"ಕಾಲು ತೊಳ್ಕೊಂಡು ಬಾ," ಎಂದಳು ಹೆಂಡತಿ, ನಾಯಿಯ ಕಡೆಯಿಂದ ಮುಖವೆತ್ತದೆ.