ಗೋಲ್‌ಕೀಪರ್ ಇಲ್ಲದ ಹತ್ತು ಕಾರ್ಡು

ಮನುಷ್ಯ ತನ್ನ ನಿಷ್ಠೆಯನ್ನು ಯಾವುದಕ್ಕೆ ಒಪ್ಪಿಸುತ್ತಾನೋ ಅದರ ಎತ್ತರಕ್ಕೇ ತಾನೂ ಏರುತ್ತಾನೆ ಎಂದು ಬಲ್ಲವರು ಹೇಳುತ್ತಾರೆ. ನಾನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ನಿಷ್ಠೆಯನ್ನು ಕಾಫಿ ಪುಡಿಯ ಪೊಟ್ಟಣದೊಳಗೆ ಬರುತ್ತಿದ್ದ ಒಂದು ರಟ್ಟಿನ ಚೂರಿಗೆ ಒಪ್ಪಿಸಿದ್ದೆ. ಅದರ ಎತ್ತರ ಎರಡೂವರೆ ಅಂಗುಲ.

ಕೊಡಗೇ ಒಂದು ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯಲ್ಲಿ ನಮ್ಮದೇ ವಿಧಾನಸಭೆ, ನಮ್ಮದೇ ಮಂತ್ರಿಗಳು, ಇಬ್ಬರು. ಇಂಥ ಸಾಮ್ರಾಜ್ಯಕ್ಕೆ ಹಾಕಿ ತಂಡಗಳೂ ತಕ್ಕಷ್ಟು ಬೇಡವೇ? ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಸ್ವಲ್ಪ ಸಮತಟ್ಟು ಜಾಗ ಕಂಡಲ್ಲೆಲ್ಲ ಒಂದೊಂದು ತಂಡ ಹುಟ್ಟುತ್ತಿತ್ತು. ನಾಪೋಕ್ಲಿನ ಆಚೆಗಿರುವ ನಮ್ಮ ಊರಿನ ತಂಡವೂ ಹಾಗೆಯೇ ಹುಟ್ಟಿದ್ದು. ಅದು ಗೆದ್ದದ್ದೇ ಇಲ್ಲ ಎಂದರೆ ಅನ್ಯಾಯವಾದೀತು. ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಾಗ ಗೆದ್ದಿತ್ತು. ಉಳಿದಂತೆ ನಮ್ಮ ಮುಂದಿನ ಸಾಲಿನವರು ಚೆಂಡನ್ನು ಅತಿಥಿಯಂತೆ ಕಾಣುತ್ತಿದ್ದರು, ಬಂದರೆ ಸಂತೋಷ, ಹೋದರೆ ತಡೆಯುತ್ತಿರಲಿಲ್ಲ. ಈ ತಂಡದ ಪರಮ ಭಕ್ತ ನಾನು.

ಆಗ ಮಡಿಕೇರಿಯ ಒಬ್ಬ ವ್ಯಾಪಾರಿಗೆ ಕೊಡಗಿನವರಿಗೆ ಕಾಫಿ ಪುಡಿ ಮಾರುವ ಜ್ಞಾನೋದಯವಾಯಿತು. ನಮ್ಮಲ್ಲಿ ತೋಟವಿರುವ ಮನೆಯಲ್ಲಿ ಕಾಫಿ ಕಣದಲ್ಲಿ ಒಣಗುತ್ತದೆ, ಒಲೆಯ ಮೇಲೆ ಹುರಿಯುತ್ತದೆ, ಒರಳಿನಲ್ಲಿ ಪುಡಿಯಾಗುತ್ತದೆ. ಅಂಥ ಮನೆಯವನು ಅಂಗಡಿಯ ಪುಡಿ ತರುವುದೆಂದರೆ ಕೊಟ್ಟಿಗೆ ತುಂಬ ದನ ಇಟ್ಟುಕೊಂಡು ನೆರೆಮನೆಗೆ ಮಜ್ಜಿಗೆ ಬೇಡಲು ಹೋದಂತೆ. ಮನೆ ಮುಳುಗಿತು, ತೋಟ ಕೈಬಿಟ್ಟಿತು ಎಂದೇ ಊರು ತಿಳಿಯುತ್ತದೆ. ಇಷ್ಟನ್ನು ಅರಿಯದೆ ಅಂಗಡಿ ತೆರೆದ ಆತ, ಪುಡಿ ಕಪಾಟಿನಲ್ಲೇ ಕೂತಾಗ ಒಂದು ಉಪಾಯ ಹೂಡಿದ. ಪ್ರತಿ ಪೊಟ್ಟಣದಲ್ಲಿ ಒಬ್ಬ ಹಾಕಿ ಆಟಗಾರನ ಚಿತ್ರದ ಕಾರ್ಡು. ಒಂದು ತಂಡದ ಹನ್ನೊಂದನ್ನೂ ತಂದು ಅಂಗಡಿಯ ಮೇಜಿನ ಮೇಲಿಟ್ಟವರಿಗೆ ಪಕ್ಕದ ಸ್ಟುಡಿಯೋದಲ್ಲಿ ಆ ತಂಡದ ಜೊತೆ, ನಡುವಿನ ಕುರ್ಚಿಯಲ್ಲಿ ಕೂತು ಫೋಟೋ.

ಚಿತ್ರಗಳ ಗುಣಮಟ್ಟದ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಎಡ ಅಂಚಿನಲ್ಲಿ ಆಡುವ ನಮ್ಮ ಲೆಫ್ಟ್ ಔಟ್‌ಗೆ ಮೂಗಿದೆ ಎನ್ನುವುದು ಅವನನ್ನು ಮುಖತಃ ಕಂಡವರಿಗಷ್ಟೇ ಗೊತ್ತಾಗುತ್ತಿತ್ತು. ಆದರೂ ನಾನು ಆ ಕುರ್ಚಿಯನ್ನು ಸಿಂಹಾಸನದಂತೆ ಕನಸು ಕಂಡೆ. ಪುಡಿ ಕದ್ದುಮುಚ್ಚಿ ತಂದೆ. ಕಾರ್ಡು ತೆಗೆದ ಪೊಟ್ಟಣಗಳನ್ನು ಕಾರ್ಡುಗಳ ಸಮೇತ ಒಂದು ಡಬ್ಬದಲ್ಲಿ ತುಂಬಿ ಅಟ್ಟದ ಮೇಲೆ ಅಡಗಿಸಿದೆ. ಅಡುಗೆಮನೆ ಅಜ್ಜಿಯ ಆಳ್ವಿಕೆಯಲ್ಲಿತ್ತು. ಆ ರಾಜ್ಯದಲ್ಲಿ ಇಬ್ಬರು ಮಂತ್ರಿಗಳೂ ಇರಲಿಲ್ಲ.

ಹತ್ತು ಜನ ಸೇರಿದರು. ಗೋಲ್‌ಕೀಪರ್ ಮಾತ್ರ ಬರಲೊಲ್ಲ. ಅವನು ಇದ್ದದ್ದು ನನ್ನ ದೊಡ್ಡಪ್ಪನ ಮಗನ ಜೇಬಿನಲ್ಲಿ. ಈತ ಮಡಿಕೇರಿ ತಂಡದ ಕಡೆಯವನು, ಯಾಕೆಂದರೆ ಅದು ಗೆಲ್ಲುತ್ತಿತ್ತು. ಗೆಲ್ಲುವ ತಂಡವನ್ನು ಪ್ರೀತಿಸಲು ನಾಯಿಗೂ ಬರುತ್ತದೆ.

“ನಿಮ್ಮ ಗೋಲ್‌ಕೀಪರ್ ನನ್ನತ್ರ ಉಂಟು ಮಾರಾಯ. ಆಟದಲ್ಲೇ ಗೋಲಿನ ಹತ್ರ ಕಾಣ್ಲಿಕ್ಕೆ ಸಿಕ್ಕದವ, ಪೊಟ್ಟಣದಲ್ಲಿ ನಿಂಗೆ ಹೇಗೆ ಸಿಕ್ತಾನೆ?” ಅಂದ.

“ಕೊಡು.”

“ಕೊಡುವ. ಬರುವ ಆದಿತ್ಯವಾರ ಮೈದಾನದ ನಡು ನಿಂತು ಮಡಿಕೇರಿಗೆ ಜೈ ಅಂತ ಕೂಗು.”

“ಸತ್ತರೂ ಕೂಗುವುದಿಲ್ಲ.”

“ಬೇಡ ಬಿಡು. ನಿಮ್ಮ ಗೋಲು ಬಾಗಿಲಿಲ್ಲದೇ ಇರ್ಲಿ. ಅದಕ್ಕೆ ಅಭ್ಯಾಸ ಉಂಟಲ್ಲ.”

ನಾನು ತಲೆಯೆತ್ತಿ ಹೊರಟುಬಂದೆ. ಹುತಾತ್ಮರು ಹೀಗೆಯೇ ನಡೆಯುತ್ತಾರೆಂದು ನನ್ನ ಕಲ್ಪನೆ.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಒಳ್ಳೆಯ ಕಾಫಿ ಪುಡಿಯೇ ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಆ ವ್ಯಾಪಾರಿಯ ಪುಡಿ ಅಂಟುಬೆಲ್ಲವಾಗಿ, ಅಟ್ಟದಿಂದ ವಾಸನೆ ಇಳಿಯತೊಡಗಿತು. ಅಜ್ಜಿ ಏಣಿ ಹತ್ತಿ ಡಬ್ಬ ಇಳಿಸಿದಳು. ಮುಚ್ಚಳ ತೆಗೆದು ಮೂಸಿದಳು.

“ಯಾರ್ದ್ ಇದ್?”

“ಗೊತ್ತಿಲ್ಲೆ ಅಜ್ಜಿ.”

“ನಮ್ಮ ಮನೆಲಿ ಅಂಗಡಿ ಪುಡಿ! ಕೊಟ್ಟವಂಗೇ ವಾಪಸ್ ಕೊಡೊಕು.”

ಪೊಟ್ಟಣದ ಮೇಲೆ ಅಂಗಡಿಯ ಮುದ್ರೆಯಿತ್ತು. ಮರುದಿನ ಬೆಳಿಗ್ಗೆ ಅಜ್ಜಿ ತಲೆವಸ್ತ್ರ ಬಿಗಿದು, ಡಬ್ಬ ಮಡಿಲಲ್ಲಿಟ್ಟುಕೊಂಡು ಮಡಿಕೇರಿ ಬಸ್ಸು ಹತ್ತಿದಳು. ನನ್ನ ಹತ್ತು ಜನ ಅದರೊಳಗಿದ್ದರು. ಕೊಡೆ ಹಿಡಿಯುವ ನೆಪದಲ್ಲಿ ನಾನೂ ಹತ್ತಿದೆ.

ಅಂಗಡಿಯ ಜಗಲಿಯಲ್ಲಿ ಭಾಗಮಂಡಲದ ಬಸ್ಸಿಗೆ ಕಾಯುತ್ತ ಒಂದಿಷ್ಟು ಜನ ನಿಂತಿದ್ದರು. ಅವರಲ್ಲಿ ನಮ್ಮ ಮನೆಯನ್ನು ಚೆನ್ನಾಗಿ ಬಲ್ಲ ಒಬ್ಬ ಹಿರಿಯ ತೋಟಗಾರರೂ ಇದ್ದರು. ಅಜ್ಜಿ ಡಬ್ಬವನ್ನು ಮೇಜಿನ ಮೇಲೆ ಕವುಚಿದಳು. ಪುಡಿಯ ಮುದ್ದೆಗಳ ನಡುವೆ ನಮ್ಮ ತಂಡ, ಎಂದಿನಂತೆ, ಮಣ್ಣುಪಾಲಾಗಿ ಬಿತ್ತು.

“ಸಾವ್ಕಾರ್ರೆ, ಇದರಲ್ಲಿ ಕಾಫಿ ಎಷ್ಟುಂಟು?”

“ಮೆಲ್ಲ ಮಾತಾಡಿ ಅಮ್ಮ, ಗಿರಾಕಿ ಉಂಟು.”

“ಗಿರಾಕಿ ಇರುವುದಕ್ಕೇ ಗಟ್ಟಿ ಮಾತಾಡುವುದು.”

“ಪರಿಮಳಕ್ಕೆ ಒಂಚೂರು ಚಿಕೋರಿ ಸೇರಿಸಿದ್ದು, ಅಷ್ಟೇ.”

“ಒಂಚೂರಾ? ಚಿಕೋರಿಗೆ ಕಾಫಿಯನ್ನು ದೂರದಿಂದ ತೋರಿಸಿದ್ದಾ?”

ಜಗಲಿಯಲ್ಲಿ ನಗು ಎದ್ದಿತು. ವ್ಯಾಪಾರಿ ಬೆವರಿದ. ಆಗ ಅವನ ಕಣ್ಣು ಕಾರ್ಡುಗಳ ಮೇಲೆ ಬಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ. ಎಣಿಸಿದ, ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರ್ ಎಳೆದ. ಒಳಗೆ ನಮ್ಮ ಗೋಲ್‌ಕೀಪರ್ ಕಟ್ಟು ಕಟ್ಟಾಗಿ ಮಲಗಿದ್ದ. ಯಾರಿಗೂ ಹನ್ನೊಂದು ಸೇರಬಾರದೆಂದು, ಒಂದೆರಡು ಬಿಟ್ಟು ಉಳಿದದ್ದನ್ನೆಲ್ಲ ವ್ಯಾಪಾರಿ ಪೊಟ್ಟಣಕ್ಕೆ ಹಾಕದೆ ಹಿಡಿದಿಟ್ಟಿದ್ದ, ಪುಣ್ಯಾತ್ಮ. ಅದರಲ್ಲೊಂದನ್ನು ಎಳೆದು ಹತ್ತರ ಪಕ್ಕದಲ್ಲಿಟ್ಟ.

“ಹನ್ನೊಂದು! ನೋಡಿ ಎಲ್ಲರೂ, ಅಮ್ಮನಿಗೆ ಬಹುಮಾನ! ತಂಡದ ಜೊತೆ ಫೋಟೋ!”

“ಅವು ನನ್ನವು,” ಎಂದೆ. ಬಾಯಿಂದ ಜಾರಿಹೋಯಿತು.

ಅಜ್ಜಿ ನನ್ನ ಕಡೆ ತಿರುಗಿದಳು. “ಕಾರ್ಡ್ ನಿಂದಾ? ಹಂಗಾರೆ ಪುಡಿನೂ ನಿಂದೇ?”

ಹಿರಿಯ ತೋಟಗಾರರು ಎಲೆಯಡಿಕೆ ಉಗಿದು, ನಿಜವಾದ ಕಾಳಜಿಯಿಂದ ಕೇಳಿದರು: “ಎಂತಪ್ಪ ಇದು, ನೀವು ತೋಟ ಮಾರಿದ್ರಾ?”

ಜಗಲಿಯವರೆಲ್ಲ ನನ್ನ ಕಡೆ ತಿರುಗಿದರು. ಪುಡಿ, ಕಾರ್ಡು ಎರಡೂ ನನ್ನವೆಂದರೆ ಕುರ್ಚಿ ನನ್ನದು. ಆದರೆ ಭಾಗಮಂಡಲದ ಬಸ್ಸು ದಾರಿಯುದ್ದಕ್ಕೂ ಪ್ರತಿ ನಿಲ್ದಾಣದಲ್ಲಿ ನಮ್ಮ ಮನೆಯ ಪತನವನ್ನು ಇಳಿಸುತ್ತ ಹೋಗುತ್ತದೆ. ಸಾಯಂಕಾಲಕ್ಕೆ ಗಾಳಿಬೀಡಿನ ನೆಂಟರು ಕಣ್ಣೊರೆಸಿಕೊಂಡು ಬರುತ್ತಾರೆ. ಮೈದಾನದಲ್ಲಿ ನಿಂತು ಜೈ ಎನ್ನಲೊಲ್ಲದ ವೀರ ನಾನು ಗಂಟಲು ಸರಿಮಾಡಿಕೊಂಡೆ.

“ಇಲ್ಲಪ್ಪ, ನಂದಲ್ಲ. ತಮಾಷೆಗೆ ಹೇಳಿದ್ದು.”

“ಹಾಗೆ ಹೇಳು,” ಎಂದರು ಅವರು, ನಿರಾಳವಾಗಿ.

ಫೋಟೋ ಎಂದರೇನೆಂದು ಅಜ್ಜಿ ಕೇಳಿಕೊಂಡಳು. ಪುಕ್ಕಟೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಒಪ್ಪಿದಳು. ಮುಂದಿನ ವಾರ ತಂಡ ಸ್ಟುಡಿಯೋಕ್ಕೆ ಬಂತು, ತಲೆಗೆ ಎಣ್ಣೆ ಹಚ್ಚಿ, ಕೋಲು ಹಿಡಿದು, ಗೆದ್ದವರ ಮುಖ ಹೊತ್ತು. ಅಜ್ಜಿ ನಡುವಿನ ಕುರ್ಚಿಯಲ್ಲಿ ಕೂತು, ಹುಳ ಬಿದ್ದ ಕಾಫಿ ಬೀಜ ಆರಿಸುವಂತೆ ಒಬ್ಬೊಬ್ಬರನ್ನೇ ನೋಡಿದಳು. ಬೆನ್ನ ಹಿಂದೆ ನಿಂತವನ ಮೇಲೆ ದೃಷ್ಟಿ ನಿಂತಿತು.

“ನೀನು ಯಾರು?”

“ಗೋಲ್‌ಕೀಪರ್, ಅಜ್ಜಿ.”

“ಚೆಂಡು ತಡೆಯುವವನಾ?”

“ಹೌದು ಅಜ್ಜಿ.”

“ಕೈ, ಕಾಲು, ಕಣ್ಣು ಎಲ್ಲ ಸರಿಯೇ ಉಂಟಲ್ಲ. ಮತ್ತೆ ಎಂತ ಆದದ್ದು?”

ಅವನು ಉತ್ತರಿಸುವ ಮೊದಲೇ ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಯಾರೂ ಅಲುಗಾಡಬೇಡಿ ಎಂದ. ನಮ್ಮ ತಂಡಕ್ಕೆ ಅದೊಂದು ವಿದ್ಯೆ ಚೆನ್ನಾಗಿ ಬರುತ್ತಿತ್ತು. ನಾನು ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದೆ.

ಫೋಟೋದಲ್ಲಿ ಹನ್ನೆರಡು ಜನ ಇದ್ದಾರೆ. ನಾನು ಇಲ್ಲ.